ಕ್ಯಾಲೆಂಡರಿನ ಗುರುತು ಸಂಘಕ್ಕೂ ತಲುಪಲಿ



ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರ್ ಒಮ್ಮೆ ನೋಡಿ. ಆಕಳು ಬೆದೆಗೆ ಬಂದ ದಿನಕ್ಕೆ ಒಂದು ಗೀಟು, ಹಿಂಡಿ ಚೀಲ ತಂದ ದಿನಕ್ಕೆ ಒಂದು ಚುಕ್ಕಿ ಇರಬಹುದು. ಕೆಲವರು ಅದನ್ನೂ ಬರೆಯುವುದಿಲ್ಲ. "ಸವದತ್ತಿ ಎಲ್ಲಮ್ಮನ ಭಾರತ ಹುಣ್ಣಿಮೆ ಜಾತ್ರೆ ಆದ ಎರಡು ದಿನಕ್ಕೆ ಎಮ್ಮೆ ಬೆದೆಗೆ ಬಂದಿತ್ತು" ಎಂದು ನೆನಪಿನಲ್ಲೇ ಇಟ್ಟುಕೊಳ್ಳುತ್ತಾರೆ. ನೆನಪು ಒಳ್ಳೆಯದೇ. ಆದರೆ ನಾಲ್ಕು ದನ, ಹೊಲದ ಕೆಲಸ, ಮಕ್ಕಳ ಶಾಲೆ ಎಲ್ಲ ಸೇರಿದಾಗ ಒಂದು ದಿನ ಅದು ಕೈಕೊಡುತ್ತದೆ. ಬೆದೆ ಒಮ್ಮೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನದ ಮೇವು, ಹಿಂಡಿಯ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಇನ್ನೊಂದು ಮಾತು. ಪಶು ಆಹಾರದ ಚೀಲದಲ್ಲಿ ಬೂಷ್ಟು ಕಂಡಿತು, ಫ್ಯಾಟ್ ಒಮ್ಮೆಲೇ ಕಡಿಮೆ ಬಂತು, ಕೃತಕ ಗರ್ಭಧಾರಣೆಗೆ ಕರೆದವರು ತಡವಾಗಿ ಬಂದರು. ಇದನ್ನು ನೀವು ಹಾಲು ಹಾಕುವ ಹೊತ್ತಿನಲ್ಲಿ ಹೇಳುತ್ತೀರಿ. ಹಿಂದೆ ಸಾಲು ನಿಂತಿರುತ್ತದೆ, ಕಾರ್ಯದರ್ಶಿ ಅಳತೆ ನೋಡುತ್ತಿರುತ್ತಾರೆ. "ಆಯ್ತಕ್ಕಾ, ನೋಡೋಣ" ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಮನೆಯ ಟಿಪ್ಪಣಿ ಮನೆಯಲ್ಲಿ ಉಳಿಯಿತು, ಸಂಘಕ್ಕೆ ಹೇಳಿದ ದೂರು ಗಾಳಿಗೆ ಹೋಯಿತು. ಈ ಎರಡನ್ನೂ ಮೊಬೈಲಿನಲ್ಲಿ ಒಂದೇ ದಾರಿಗೆ ಜೋಡಿಸಬಹುದು. ಅದಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಬರಬೇಕಾಗಿಲ್ಲ.

ಇದು ಏನು?

ನಿಮ್ಮ ಹಾಲು ಸಂಘಕ್ಕೆ, ಅಲ್ಲಿಂದ ಶೀತಲೀಕರಣ ಕೇಂದ್ರಕ್ಕೆ, ಅಲ್ಲಿಂದ ಡೇರಿಗೆ ಹೋಗುತ್ತದೆ. ದಾರಿ ಮೊದಲೇ ಗೊತ್ತಾಗಿರುವುದರಿಂದ ದಿನಾ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಮಾಹಿತಿಗೂ ಹೀಗೆಯೇ ಒಂದು ದಾರಿ ಹಾಕಿಡಬಹುದು: "ಇದು ಆದರೆ, ಅದನ್ನು ಮಾಡು." ಒಬ್ಬರು ಬೆದೆಯ ದಿನಾಂಕ ಬರೆದರೆ 21ನೇ ದಿನಕ್ಕೆ ನೆನಪು ಹಾಕು. ಒಬ್ಬರು ದೂರು ಬರೆದರೆ ಕಾರ್ಯದರ್ಶಿಯ ಮೊಬೈಲಿಗೆ ಸುದ್ದಿ ಕಳಿಸು. ಇಷ್ಟೇ.

ಜೋಡಿಸುವುದು ಹೇಗೆ?

1. ಒಂದು ಫಾರ್ಮ್. ಗೂಗಲ್ ಖಾತೆ ಇದ್ದರೆ ಗೂಗಲ್ ಫಾರ್ಮ್ಸ್ ಉಚಿತ. ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಬಹುದು. ಐದೇ ಪ್ರಶ್ನೆ ಸಾಕು: ದಿನಾಂಕ, ಸದಸ್ಯರ ಸಂಖ್ಯೆ, ದನದ ಕಿವಿಯೋಲೆಯ 12 ಅಂಕಿಗಳಲ್ಲಿ ಕೊನೆಯ ನಾಲ್ಕು, ಏನಾಯಿತು, ವಿವರ. "ಏನಾಯಿತು" ಎಂಬುದಕ್ಕೆ ಆರಿಸುವ ಪಟ್ಟಿ ಕೊಡಿ: ಬೆದೆ, ಕೃತಕ ಗರ್ಭಧಾರಣೆ, ಕರು ಹಾಕಿತು, ರೋಗ, ಹಾಲು ಕಡಿಮೆ, ದೂರು.

2. ಒಂದು ಲೆಕ್ಕದ ಹಾಳೆ. ಫಾರ್ಮಿನಲ್ಲಿಯೇ ಅದನ್ನು ಗೂಗಲ್ ಶೀಟ್ಸ್‌ಗೆ ಜೋಡಿಸುವ ಗುಂಡಿ ಇದೆ. ಒಮ್ಮೆ ಒತ್ತಿದರೆ, ಮುಂದೆ ಯಾರು ಏನು ತುಂಬಿದರೂ ಹಾಳೆಯಲ್ಲಿ ಹೊಸ ಸಾಲಾಗಿ ತಾನಾಗಿಯೇ ಕೂರುತ್ತದೆ.

3. ದಿನಾಂಕದ ಲೆಕ್ಕ. ಹಾಳೆಗೆ "ಈ ದಿನಾಂಕಕ್ಕೆ 21 ಕೂಡಿಸು" ಎಂದು ಹೇಳಿಡಬಹುದು. ಜೂನ್ 1ರಂದು ಆಕಳಿಗೆ ಗರ್ಭಧಾರಣೆ ಮಾಡಿಸಿದಿರಿ ಎನ್ನಿ. ಜೂನ್ 22ರ ಆಸುಪಾಸು ಮತ್ತೆ ಬೆದೆಗೆ ಬರುತ್ತದೆಯೇ ನೋಡಬೇಕು. ಬರದಿದ್ದರೆ 90 ದಿನಕ್ಕೆ, ಅಂದರೆ ಆಗಸ್ಟ್ 30ರ ಹೊತ್ತಿಗೆ, ಗಬ್ಬದ ಪರೀಕ್ಷೆ ಮಾಡಿಸಬೇಕು. ಆಕಳ ಗಬ್ಬದ ಅವಧಿ ಸುಮಾರು 280 ದಿನ, ಆದ್ದರಿಂದ ಕರು ಹಾಕುವುದು ಮಾರ್ಚ್ 8ರ ಸುಮಾರಿಗೆ. ಅದಕ್ಕೆ 60 ದಿನ ಮೊದಲು, ಜನವರಿ 7ರ ಹೊತ್ತಿಗೆ, ಹಾಲು ಬತ್ತಿಸಬೇಕು. ಎಮ್ಮೆಯಾದರೆ ಗಬ್ಬ ಸುಮಾರು 310 ದಿನ. ಈ ಲೆಕ್ಕವನ್ನು ಬೆರಳು ಮಡಚಿ ಹಾಕುವ ಬದಲು ಹಾಳೆಯೇ ಹಾಕುತ್ತದೆ.

4. ನೆನಪು ಮತ್ತು ಸುದ್ದಿ. ಹೊಸ ಉತ್ತರ ಬಂದಾಗ ಫಾರ್ಮ್ ಮಾಡಿದವರಿಗೆ ಇಮೇಲ್ ಬರುವಂತೆ ಫಾರ್ಮಿನಲ್ಲೇ ಹೊಂದಿಸಬಹುದು. ಇನ್ನೂ ಹೆಚ್ಚು ಬೇಕಾದರೆ ಝೇಪಿಯರ್, ಮೇಕ್‌ನಂಥ ಜೋಡಣೆಯ ಸೇವೆಗಳಿವೆ. ಹಾಳೆಯಲ್ಲಿ ಹೊಸ ಸಾಲು ಬಂದ ಕೂಡಲೇ ಗೂಗಲ್ ಕ್ಯಾಲೆಂಡರಿನಲ್ಲಿ ನೆನಪು ಹಾಕುವ ಕೆಲಸವನ್ನು ಇವು ಮಾಡುತ್ತವೆ. ಒಂದು ಮಿತಿಯವರೆಗೆ ಇವು ಉಚಿತ. ಒಂದು ಸಂಘ ಶುರು ಮಾಡಲು ಮೊದಲ ಮೂರು ಹೆಜ್ಜೆಯೇ ಸಾಕು. ಕಾಲೇಜಿಗೆ ಹೋಗುವ ಮಗಳಿದ್ದರೆ ಒಂದು ಸಂಜೆಯ ಕೆಲಸ.

ಒಬ್ಬರ ಮಾತು, ಹತ್ತು ಮನೆಯ ಮಾತು

ಇದರಿಂದ ಆಗುವ ದೊಡ್ಡ ಲಾಭ ಬೇರೆಯೇ ಇದೆ. ಹಾಲು ಕಡಿಮೆಯಾದಾಗ ಪ್ರತಿಯೊಬ್ಬಳೂ "ನನ್ನ ಎಮ್ಮೆಗೇ ಏನೋ ಆಗಿದೆ" ಎಂದುಕೊಳ್ಳುತ್ತಾಳೆ. ಒಂದೇ ವಾರ ಹತ್ತು ಮನೆಯವರು "ಹಾಲು ಕಡಿಮೆ" ಎಂದು ತುಂಬಿದ್ದು ಹಾಳೆಯಲ್ಲಿ ಕಂಡರೆ ಆಗ ಕೇಳುವ ಪ್ರಶ್ನೆ ಬದಲಾಗುತ್ತದೆ. ಹತ್ತೂ ಮನೆಗೆ ಒಂದೇ ಲೋಡಿನ ಹಿಂಡಿ ಬಂತೇ? ಎಲ್ಲರ ಮೇವೂ ಒಣಗಿ ಬರೀ ಜೋಳದ ಕಣಿಕೆಗೆ ಬಂದು ನಿಂತಿತೇ? ಫ್ಯಾಟ್ ಒಬ್ಬರದೇ ಇಳಿದಿದ್ದರೆ ದನ ಮತ್ತು ಮೇವು ನೋಡಬೇಕು. ಊರಿನ ಎಲ್ಲರದೂ ಒಂದೇ ದಿನ ಇಳಿದಿದ್ದರೆ ಮೊದಲು ಪರೀಕ್ಷಾ ಯಂತ್ರವನ್ನು ಸರಿ ನೋಡಿಸಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಜಗಳವಾಗುತ್ತದೆ. ದಿನಾಂಕದೊಂದಿಗೆ ಬರೆದಿಟ್ಟರೆ ಲೆಕ್ಕವಾಗುತ್ತದೆ.

ಆದ್ದರಿಂದ ಹಾಳೆಯಲ್ಲಿ ಇನ್ನೂ ಮೂರು ಕಾಲಂ ಇರಲೇಬೇಕು: ದೂರನ್ನು ಯಾರು ನೋಡಿದರು, ಏನು ಮಾಡಿದರು, ಯಾವ ದಿನ. ಸುದ್ದಿ ಮುಟ್ಟಿಸುವುದಷ್ಟೇ ಮೊಬೈಲಿನ ಕೆಲಸ. ಉತ್ತರ ಕೊಡಬೇಕಾದವರು ಮನುಷ್ಯರೇ. ಈ ಕಾಲಂ ಮೂರು ತಿಂಗಳು ಖಾಲಿ ಉಳಿದರೆ ಯಾರೂ ಫಾರ್ಮ್ ತುಂಬುವುದಿಲ್ಲ, ತುಂಬಲೂ ಬೇಕಾಗಿಲ್ಲ. ತಿಂಗಳಿಗೊಮ್ಮೆ ಆಡಳಿತ ಮಂಡಳಿಯ ಸಭೆಯಲ್ಲಿ ಹಾಳೆಯನ್ನು ಗಟ್ಟಿಯಾಗಿ ಓದುವ ರೂಢಿ ಮಾಡಿ.

ಎಚ್ಚರಿಕೆ

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಒಟಿಪಿ ಇವನ್ನು ಫಾರ್ಮಿನಲ್ಲಿ ಕೇಳಬಾರದು, ಕೇಳಿದರೂ ಕೊಡಬಾರದು. ಹಾಳೆಯನ್ನು ಎಲ್ಲರೂ ನೋಡಬಹುದು, ಆದರೆ ಒಬ್ಬರಿಬ್ಬರು ಮಾತ್ರ ತಿದ್ದುವಂತಿರಲಿ. ಗೂಗಲ್ ಖಾತೆ ಸಂಘದ ಹೆಸರಿನಲ್ಲಿರಲಿ. ಒಬ್ಬರ ಸ್ವಂತ ಖಾತೆಯಲ್ಲಿ ಮಾಡಿದರೆ, ಅವರು ಕೆಲಸ ಬಿಟ್ಟ ದಿನ ಇಡೀ ಊರಿನ ದಾಖಲೆಯೂ ಅವರ ಜೊತೆಗೇ ಹೋಗುತ್ತದೆ.

ಕರು ಅಡ್ಡ ಸಿಕ್ಕಿದೆ, ಹೊಟ್ಟೆ ಉಬ್ಬರಿಸಿದೆ ಎಂಬಂಥ ಹೊತ್ತಿನಲ್ಲಿ ಫಾರ್ಮ್ ತುಂಬುತ್ತ ಕೂರಬೇಡಿ. ಕೂಡಲೇ ಪಶು ವೈದ್ಯರಿಗೆ ಇಲ್ಲವೇ ಸಂಚಾರಿ ಪಶು ಚಿಕಿತ್ಸೆಯ 1962ಕ್ಕೆ ಫೋನ್ ಮಾಡಿ. ಬೆದೆಯ ವಿಷಯದಲ್ಲೂ ಅಷ್ಟೇ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಆಗಬೇಕು. ಮೊದಲು ಫೋನ್, ಆಮೇಲೆ ಟಿಪ್ಪಣಿ.

ನನ್ನ ಕೈಯಲ್ಲಿ ಮೊಬೈಲ್ ಇಲ್ಲ ಎನ್ನುವವರಿಗೆ

ಬಹಳ ಮನೆಗಳಲ್ಲಿ ದೊಡ್ಡ ಮೊಬೈಲ್ ಇರುವುದು ಗಂಡನ ಅಥವಾ ಮಗನ ಕಿಸೆಯಲ್ಲಿ. ದನ ನೋಡುವವಳು ನೀವು, ಮೊಬೈಲ್ ಇರುವುದು ಅವರ ಬಳಿ. ಹಾಗಿದ್ದರೆ ಊರಿಗೆ ಒಬ್ಬ ತಂಗಿಯನ್ನು ಗೊತ್ತು ಮಾಡಿ. ಹಾಲು ಹಾಕುವ ಹೊತ್ತಿಗೆ ಅವಳು ಸಂಘದ ಕಟ್ಟೆಯ ಮೇಲೆ ಕೂತು ನೀವು ಹೇಳಿದ್ದನ್ನು ತುಂಬಲಿ. ಬರೆಯಲು ಬೇಸರವಾದರೆ ಕೀಲಿಮಣೆಯ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತನಾಡಬಹುದು, ಮೊಬೈಲ್ ಅಕ್ಷರ ಮಾಡುತ್ತದೆ. ನಮ್ಮ ಕಡೆಯ ಮಾತು ಕೆಲವೊಮ್ಮೆ ಅದಕ್ಕೆ ತಿಳಿಯುವುದಿಲ್ಲ, ಆದ್ದರಿಂದ ಕಳಿಸುವ ಮೊದಲು ಒಮ್ಮೆ ಓದಿ ನೋಡಬೇಕು. ನೆಟ್‌ವರ್ಕ್ ಸಿಗದ ಊರಿನಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಸಂಜೆ ತುಂಬಿದರೂ ನಡೆಯುತ್ತದೆ.

ಬೈಲಹೊಂಗಲದಿಂದ ರಾಮದುರ್ಗದವರೆಗೆ, ಕಿತ್ತೂರಿನ ಕಬ್ಬಿನ ಹೊಲದ ಊರಿರಲಿ, ಸವದತ್ತಿಯ ಮಲಪ್ರಭೆಯ ದಂಡೆಯ ಊರಿರಲಿ, ಸಂಘದ ಒಡೆಯರು ಸದಸ್ಯರೇ. ಒಬ್ಬ ಸದಸ್ಯೆಗೆ ಒಂದು ಮತ. ಹತ್ತು ಲೀಟರ್ ಹಾಕುವವಳ ಮತಕ್ಕೂ ಎರಡು ಲೀಟರ್ ಹಾಕುವವಳ ಮತಕ್ಕೂ ತೂಕ ಒಂದೇ. ಹಾಗೆಯೇ ಇಬ್ಬರ ದೂರಿಗೂ ಹಾಳೆಯಲ್ಲಿ ಒಂದೊಂದು ಸಾಲು.

ಫಾರ್ಮ್ ಬರುವವರೆಗೆ ಕಾಯಬೇಡಿ. ಇವತ್ತು ಸಂಜೆ ಹಾಲು ಹಿಂಡಿ ಬಂದ ಮೇಲೆ ಕ್ಯಾಲೆಂಡರ್ ಕೆಳಗಿಳಿಸಿ, ಪ್ರತಿ ದನದ ಹೆಸರಿನ ಮುಂದೆ ಕೊನೆಯ ಬೆದೆಯ ದಿನಾಂಕ ಬರೆಯಿರಿ. ಮುಂದಿನ ಸಭೆಗೆ ಆ ಹಾಳೆಯನ್ನು ಕೈಯಲ್ಲಿ ಹಿಡಿದೇ ಹೋಗಿ.