ಹಾಪ್ಸ್ ಹಾಕುವ ಹೊತ್ತು: ಒಂದೇ ಹೂವಿನ ಕಹಿ ಮತ್ತು ಪರಿಮಳ

ಸಾರು ಒಲೆಗೇರಿದೊಡನೆ ಕೊತ್ತಂಬರಿ ಸೊಪ್ಪನ್ನು ಹಾಕಿಬಿಟ್ಟರೆ ಅದರ ಪರಿಮಳ ಬಡಿಸುವ ಹೊತ್ತಿಗೆ ಅಡುಗೆಮನೆಯ ಗಾಳಿಯಲ್ಲಿರುತ್ತದೆ, ತಟ್ಟೆಯಲ್ಲಿರುವುದಿಲ್ಲ. ಬಿಳಿಚೋಡಿನ ಯಾವ ಗೃಹಿಣಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಹೊರದೇಶದಲ್ಲಿ ನೆಲೆಸಿ, ರಜಾದಿನಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಕ್ಕೆ ಕೈಹಾಕಿದ ನಮ್ಮ ಕಡೆಯ ತರುಣರು ಇದೇ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯುತ್ತಾರೆ.

ಮೊದಲಿಗೇ ಒಂದು ಮಾತು. ಕರ್ನಾಟಕ ಅಬಕಾರಿ ಕಾಯಿದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಇದಕ್ಕೆ ಹೊರತಲ್ಲ. ಬ್ರಿಟನ್ನಿನಲ್ಲಿ 1963ರಲ್ಲಿ ಮನೆಬಳಕೆಯ ಬಿಯರಿಗೆ ಲೈಸೆನ್ಸಿನ ಕಟ್ಟಳೆ ರದ್ದಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯಿದೆಯಿಂದ ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್‌ನಷ್ಟು, ಅಂದರೆ ಸುಮಾರು 378 ಲೀಟರ್, ತೆರಿಗೆಯಿಲ್ಲದೆ ತಯಾರಿಸಲು ಅವಕಾಶವಾಯಿತು. ಆದುದರಿಂದ ಮುಂದಿನ ವಿವರಗಳು ಅಲ್ಲಿರುವವರಿಗೆ ಕೆಲಸಕ್ಕೆ ಬಂದಾವು. ಇಲ್ಲಿರುವವರಿಗೆ, ಬೆಂಗಳೂರಿನ ಸಣ್ಣ ಬ್ರೂವರಿಗಳಲ್ಲಿ ಲೋಟದೊಳಗೆ ಬರುವ ಕಿತ್ತಳೆ ಸಿಪ್ಪೆಯಂಥ ಘಮ ಎಲ್ಲಿಂದ ಬಂತೆಂದು ತಿಳಿಯಲಷ್ಟೇ.

ಬಿಯರಿನ ಮೂಲ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ನಮ್ಮ ರಾಗಿ ಮಾಲ್ಟಿಗೆ ಕಾಳನ್ನು ಹದಗೊಳಿಸುವ ಬಗೆಯೇ ಅಲ್ಲಿಯೂ. ಅದರ ಸಿಹಿ ಕಷಾಯಕ್ಕೆ ಕಹಿ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೆಣ್ಣು ಹೂಗೊಂಚಲು. ಈ ಬಳ್ಳಿಗೆ ಬೇಸಿಗೆಯಲ್ಲಿ ದೀರ್ಘವಾದ ಹಗಲೂ ಚಳಿಗಾಲದಲ್ಲಿ ಕೊರೆಯುವ ಚಳಿಯೂ ಬೇಕು; ಭಾರತದಲ್ಲಿ ಇದನ್ನು ಬೆಳೆದದ್ದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಜಗಳೂರಿನ ಬಿಸಿಲಿಗೆ ಇದು ಒಗ್ಗುವ ಬೆಳೆಯಲ್ಲ. ಆದರೂ ಹಾಪ್ಸ್ ಧಾರಾಳವಾಗಿ ಬಿದ್ದ ಒಂದು ಬಿಯರಿಗೆ ನಮ್ಮ ದೇಶದ ಹೆಸರೇ ಅಂಟಿಕೊಂಡಿದೆ. 18ನೇ ಶತಮಾನದ ಕೊನೆಗೆ ಲಂಡನ್ನಿನ ಜಾರ್ಜ್ ಹಾಡ್ಜ್‌ಸನ್ನನ ಬ್ರೂವರಿಯಿಂದ ಹಡಗೇರಿ ಇಲ್ಲಿನ ಬ್ರಿಟಿಷರಿಗಾಗಿ ಬರುತ್ತಿದ್ದ ಪೇಲ್ ಏಲ್ ಮುಂದೆ ‘ಇಂಡಿಯಾ ಪೇಲ್ ಏಲ್’ ಎನಿಸಿಕೊಂಡಿತು.

ಹೂವಿನಲ್ಲಿರುವ ಆಲ್ಫಾ ಆಮ್ಲಗಳು ಇದ್ದ ಹಾಗೆಯೇ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕುದಿತದಲ್ಲಿ ಅವುಗಳ ಅಣುರಚನೆ ಬದಲಾಗಿ ಐಸೋ-ಆಲ್ಫಾ ಆಮ್ಲಗಳಾದ ಮೇಲೆಯೇ ಕರಗಿ ಕಹಿಯಾಗುತ್ತವೆ. ಇದಕ್ಕೆ ಕಾಲ ಬೇಕು. ಪರಿಮಳದ ತೈಲಗಳಿಗೋ ಕಾಲವೇ ಶತ್ರು. ಮಿರ್ಸೀನ್‌ನಂಥ ತೈಲಗಳು ಉಗಿಯೊಡನೆ ಕೆಲವೇ ನಿಮಿಷಗಳಲ್ಲಿ ಹೊರಟುಹೋಗುತ್ತವೆ. ಹೂವಿನ ಕಂಪು ಕೊಡುವ ಲಿನಲೂಲ್ ಕೂಡ ದೀರ್ಘ ಕುದಿತದಲ್ಲಿ ಉಳಿಯದು.

ಅಮೆರಿಕದ ಗ್ಲೆನ್ ಟಿನ್ಸೆತ್ ರೂಪಿಸಿದ, ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಸೂತ್ರವೊಂದಿದೆ. ಅದರ ಲೆಕ್ಕದಲ್ಲಿ, ಸಾಧಾರಣ ಸಾಂದ್ರತೆಯ 20 ಲೀಟರ್ ಕಷಾಯಕ್ಕೆ ಶೇ. 12 ಆಲ್ಫಾ ಆಮ್ಲವಿರುವ 28 ಗ್ರಾಂ ಹಾಪ್ಸನ್ನು ಹಾಕಿ 60 ನಿಮಿಷ ಕುದಿಸಿದರೆ ಕಹಿಯ ಮಾನ ಸುಮಾರು 39. ಕೊನೆಯ 15 ನಿಮಿಷಕ್ಕೆ ಹಾಕಿದರೆ 19. ಕೊನೆಯ 5 ನಿಮಿಷಕ್ಕಾದರೆ 8. ಕಾಲು ಭಾಗದಷ್ಟು ಸಮಯಕ್ಕೇ ಅರ್ಧ ಕಹಿ ಬಂದುಬಿಡುತ್ತದೆ ಎಂಬುದನ್ನು ಗಮನಿಸಬೇಕು. ಹೊಸಬರು ಎಡವುವುದು ಇಲ್ಲಿಯೇ. ‘ಕೊನೆಯಲ್ಲಿ ಹಾಕಿದ್ದು ಬರೀ ಪರಿಮಳಕ್ಕೆ’ ಎಂದು ನಂಬಿ 15ನೇ ನಿಮಿಷದಲ್ಲಿ ಮುಷ್ಟಿಗಟ್ಟಲೆ ಸುರಿಯುತ್ತಾರೆ. ಕಂಪೂ ಇಲ್ಲ, ನಾಲಗೆಯೂ ಜೋಮು. ಈ ಲೇಖಕನ ಮಟ್ಟಿಗೆ, 15ರಿಂದ 30 ನಿಮಿಷಗಳ ನಡುವಿನ ಹಾಪ್ಸ್ ಎರಡೂ ಕೆಲಸಕ್ಕೆ ಅರೆಬರೆಯೇ. ಕಹಿಗೆ ಸ್ವಲ್ಪವನ್ನು ಮೊದಲೇ ಹಾಕಿ, ಮಿಕ್ಕಿದ್ದನ್ನೆಲ್ಲ ಕೊನೆಯ 5 ನಿಮಿಷಕ್ಕೋ ಒಲೆ ಆರಿಸಿದ ಮೇಲಕ್ಕೋ ಕಾದಿರಿಸುವುದು ಲೇಸು.

ಒಲೆ ಆರಿಸಿದೊಡನೆ ಕಹಿ ನಿಲ್ಲುವುದಿಲ್ಲ. ಉಷ್ಣತೆ ಪ್ರತಿ 10 ಡಿಗ್ರಿ ಇಳಿದಂತೆ ಈ ಪರಿವರ್ತನೆಯ ವೇಗ ಅರ್ಧಕ್ಕೂ ಕಡಿಮೆಯಾಗುತ್ತದೆ. 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕುದಿತದ ಆರನೆಯ ಒಂದು ಭಾಗದಷ್ಟು ಮಾತ್ರ. ಆದುದರಿಂದಲೇ ಅನುಭವಿಗಳು ಕಷಾಯವನ್ನು 75-80 ಡಿಗ್ರಿಗೆ ಇಳಿಸಿ, ಹಾಪ್ಸ್ ಹಾಕಿ, ಮೆಲ್ಲನೆ ಸುತ್ತು ತಿರುಗಿಸಿ 20 ನಿಮಿಷ ಬಿಡುತ್ತಾರೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಅಷ್ಟರಿಂದಲೇ ಕಹಿ ಬಿಡುವ ವೇಗ ಕಾಲು ಭಾಗದಷ್ಟು ತಗ್ಗುತ್ತದೆ. ಲಂಡನ್ನಿನ ಪಾಕಸೂತ್ರ ಅಲ್ಲಿ ಅಕ್ಷರಶಃ ನಡೆಯದು.

ಟೆಕ್ಸಾಸ್‌ನಂಥ ಸೆಕೆಯ ನಾಡಿನಲ್ಲಿರುವವರಿಗೆ ಬೇರೊಂದು ತೊಡಕು. ನಲ್ಲಿಯ ನೀರೇ ಬೆಚ್ಚಗಿದ್ದರೆ ಪಾತ್ರೆ ಬೇಗ ತಣಿಯದು. ಮುಚ್ಚಿಟ್ಟು ರಾತ್ರಿಯಿಡೀ ಆರಲು ಬಿಡುವವರಂತೂ 5 ನಿಮಿಷದ ಹಾಪ್ಸನ್ನು 15-20 ನಿಮಿಷದ್ದೆಂದೇ ಲೆಕ್ಕ ಹಿಡಿಯುವುದು ಒಳ್ಳೆಯದು.

ಇನ್ನು ಹುದುಗು ಬಂದ ಮೇಲೆ, ತಣ್ಣನೆಯ ಬಿಯರಿಗೇ ಹಾಪ್ಸ್ ಹಾಕುವ ಕ್ರಮ. ಇಲ್ಲಿ ತೈಲ ಆವಿಯಾಗುವ ಭಯವಿಲ್ಲ. ಆದರೆ ಹೆಚ್ಚು ಹಾಕಿದಷ್ಟೂ ಹೆಚ್ಚು ಪರಿಮಳವೆಂಬುದು ತಪ್ಪು. ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೀಟರಿಗೆ 8 ಗ್ರಾಂ ದಾಟಿದ ಮೇಲೆ ನಿಂಬೆಜಾತಿಯ ಕಂಪು ಅಷ್ಟಾಗಿ ಏರದೆ, ಚಹಾಸೊಪ್ಪು, ಗಿಡಮೂಲಿಕೆಯಂಥ ವಾಸನೆ ಮುಂದಾಯಿತು. ಎರಡು ಮೂರು ದಿನ ಸಾಕು. ಹಾಪ್ಸಿನಲ್ಲಿರುವ ಕಿಣ್ವಗಳು ಉಳಿದ ಪಿಷ್ಟಾಂಶವನ್ನು ಸಕ್ಕರೆಯಾಗಿ ಒಡೆದು ಹುದುಗುವಿಕೆಯನ್ನು ಮತ್ತೆ ಎಬ್ಬಿಸುವುದುಂಟು. ಅದು ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಒತ್ತಡ ಏರಿ ಗಾಜು ಸಿಡಿದೀತು. ಆದುದರಿಂದ ಸಾಂದ್ರತಾಮಾಪಕದ ಅಂಕಿ ಎರಡು ಮೂರು ದಿನ ಕದಲದೆ ನಿಂತ ಮೇಲೆಯೇ ಮುಚ್ಚಳ ಬಿಗಿಯಬೇಕು.