ಗೋತಾ ಹೊಡೆಯುವ ಮುನ್ನ

ಕಾರಹುಣ್ಣಿಮೆಯ ಹೊತ್ತಿಗೆ ಮೆಣಸಗಿಯ ಕಡೆ, ಮಲಪ್ರಭೆ ದಂಡೆಯ ಎರೆಹೊಲಗಳ ಮೇಲೆ ಗಾಳಿ ಬಿರುಸಾಗುತ್ತದೆ. ಪಟ ಹಾರಿಸುವ ಹುಡುಗರಿಗೆ ಗೊತ್ತು, ಎಲ್ಲ ಇರುವುದು ಸೂತ್ರ ಕಟ್ಟುವುದರಲ್ಲಿ. ಪಟ ಗಾಳಿಗೆ ಅತಿಯಾಗಿ ಸೆಟೆದು ನಿಂತರೆ ಏರುವುದಿಲ್ಲ. ನಡುಗಿ, ಗೋತಾ ಹೊಡೆಯುತ್ತದೆ.

ಸಣ್ಣ ವಿಮಾನದ ‘ಸ್ಟಾಲ್’ ಇದರ ಹತ್ತಿರದ ನಂಟ. ಎಂಜಿನ್ ನಿಂತುಹೋಗುವುದೇ ಸ್ಟಾಲ್ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಎದುರುಗಾಳಿಗೆ ರೆಕ್ಕೆ ಒಡ್ಡಿದ ಕೋನ ಸುಮಾರು 15 ಡಿಗ್ರಿ ದಾಟಿತೆಂದರೆ, ಅದರ ಬೆನ್ನಿಗಂಟಿ ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಯಾಗುತ್ತದೆ. ಎಂಜಿನ್ ಮೊರೆಯುತ್ತಿದ್ದರೂ ವಿಮಾನ ಕುಸಿಯುತ್ತದೆ. ಆಗ ಹೆದರಿದ ಪೈಲಟ್‌ನ ಕೈ ನಿಯಂತ್ರಣದ ಕೋಲನ್ನು ಎದೆಯತ್ತ ಎಳೆಯುತ್ತದೆ, ಕೋನ ಇನ್ನಷ್ಟು ಹೆಚ್ಚುತ್ತದೆ. ಮೊದಮೊದಲ ಹಾರಾಟಗಾರರಲ್ಲಿ ಎಷ್ಟೋ ಜನ ಸತ್ತದ್ದು ಹೀಗೆ.

1912ರ ಆಗಸ್ಟ್ 25. ಇಂಗ್ಲೆಂಡಿನ ಸಾಲಿಸ್ಬರಿ ಬಯಲಿನ ಮೇಲೆ ನೌಕಾಪಡೆಯ ಲೆಫ್ಟಿನೆಂಟ್ ವಿಲ್ಫ್ರೆಡ್ ಪಾರ್ಕ್ ಅವರ ಆವ್ರೊ ವಿಮಾನ ಸ್ಟಾಲ್ ಆಗಿ ಬುಗುರಿಯಂತೆ ಸುತ್ತುತ್ತ ಬೀಳತೊಡಗಿತು. ಕೋಲು ಎಳೆದರೂ ಆಗಲಿಲ್ಲ. ಕೊನೆಗೆ ಬಾಲದ ಚುಕ್ಕಾಣಿಯಾದ ರಡ್ಡರನ್ನು ಸುತ್ತಿನ ಎದುರು ದಿಕ್ಕಿಗೆ ತಿರುಗಿಸಿದರು. ನೆಲ ಸುಮಾರು 50 ಅಡಿ ದೂರ ಇರುವಾಗ ವಿಮಾನ ಮಾತು ಕೇಳಿತು. ಅವರು ಬದುಕಿ ಬಂದು, ಏನು ಮಾಡಿದೆನೆಂದು ವಿವರಿಸಿದ್ದೇ ದೊಡ್ಡ ಉಪಕಾರ. 1917ರಲ್ಲಿ ಭೌತವಿಜ್ಞಾನಿ ಲಿಂಡೆಮನ್ ತಾವೇ ಹಾರಿ, ಬೇಕೆಂದೇ ಅಂಥ ಸುತ್ತಿನಲ್ಲಿ ಸಿಲುಕಿ, ಅಳೆದು ನೋಡಿದರು.

ಆದರೆ ನನ್ನ ಮನಸ್ಸು ಹೆಚ್ಚು ನೆನೆಯುವುದು ಹಾರಾಟ ಕಲಿಸುತ್ತಿದ್ದ ರಾಬರ್ಟ್ ಸ್ಮಿತ್-ಬ್ಯಾರಿ ಅವರನ್ನು. ಅದೇ ವರ್ಷ ಇಂಗ್ಲೆಂಡಿನ ಗಾಸ್ಪೋರ್ಟಿನಲ್ಲಿ ಅವರು ಕಲಿಯುವವರನ್ನು ಅಪಾಯದಿಂದ ದೂರ ಇಡಲಿಲ್ಲ; ಗುರುವಿಗೊಂದು, ಶಿಷ್ಯನಿಗೊಂದು ಹೀಗೆ ಜೋಡಿ ಕೋಲಿನ ವಿಮಾನದಲ್ಲಿ ಅಪಾಯದೊಳಕ್ಕೇ ಕರೆದೊಯ್ದು, ಹೊರಬರುವ ದಾರಿ ಕಲಿಸಿದರು.

ಆ ಜೋಡಿ ಕೋಲು ನಮ್ಮಲ್ಲೂ ತಯಾರಾಯಿತು. ಡಾ. ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಮೊದಲು ಹಾರಿದ್ದು 1951ರ ಆಗಸ್ಟ್‌ನಲ್ಲಿ. 1958ರಲ್ಲಿ ಪುಷ್ಪಕ್ ಬಂತು. 1993ರಲ್ಲಿ ಎನ್‌ಎಎಲ್‌ನ ಹಂಸ ಬಂತು. ಅದರಲ್ಲಿ ಗುರು–ಶಿಷ್ಯರು ಪಕ್ಕಪಕ್ಕದಲ್ಲೇ ಕೂರುತ್ತಾರೆ.

ಸ್ಟಾಲಿನ ಪಾಠ ನಡೆಯುವುದು ಕೆಲವು ಸಾವಿರ ಅಡಿ ಮೇಲೆ. ವೇಗ ತಗ್ಗಿದಂತೆ ಕೋಲು ಸಡಿಲವೆನಿಸುತ್ತದೆ, ಎಚ್ಚರಿಕೆಯ ಹಾರ್ನ್ ಕೂಗುತ್ತದೆ, ವಿಮಾನದ ಮೈ ನಡುಗುತ್ತದೆ. ಕೋಲು ಮುಂದೊತ್ತಿ ಮೂಗಿಳಿಸಬೇಕು, ರೆಕ್ಕೆ ಸಮವಾಗಿಸಬೇಕು, ಎಂಜಿನ್ನಿಗೆ ಪೂರ್ತಿ ಬಲ ಕೊಡಬೇಕು. ಗಾಳಿ ಮತ್ತೆ ರೆಕ್ಕೆಗೆ ಅಂಟುತ್ತದೆ. ಇಳಿಯಲು ರನ್‌ವೇ ಕಡೆ ತಿರುಗುವಾಗ ಮಾತ್ರ ಅಷ್ಟು ಎತ್ತರ ಇರುವುದಿಲ್ಲ. ನೆಲವೇ ಎದುರು ಕಾಣುವ ಆ ಗಳಿಗೆಯಲ್ಲಿ ಕೈ ಯೋಚಿಸದೆ ಮುಂದಕ್ಕೆ ಒತ್ತಲಿ ಎಂದೇ, ಮೇಲೆ ವಿಮಾನವನ್ನು ಮತ್ತೆ ಮತ್ತೆ ಬೀಳಿಸಿ ಕಲಿಸುತ್ತಾರೆ.