ಸುತ್ತಿಗೆ, ಬೆಂಕಿ, ಹುಣಸೆಹುಳಿ: ಕೈಯಲ್ಲಿ ಮಾಡುವ ತಾಮ್ರದ ಒಡವೆ

ಕನ್ನಡದಲ್ಲಿ ‘ಚೆಂಬು’ ಎಂಬ ಮಾತು ನೀರಿನ ಪಾತ್ರೆಗೆ ಸಲ್ಲುವಂತೆಯೇ ತಾಮ್ರಕ್ಕೂ ಸಲ್ಲುತ್ತದೆ. ಕೆಂಪನ್ನು ಹೇಳುವ ದ್ರಾವಿಡ ಮೂಲಕ್ಕೆ ಸೇರಿದ ಈ ಪದದಲ್ಲಿ ಬಣ್ಣವೇ ಲೋಹದ ಹೆಸರಾಗಿ, ಲೋಹದ ಹೆಸರೇ ಮುಂದೆ ಪಾತ್ರೆಯ ಹೆಸರಾಗಿ ನಿಂತಿದೆ. ಬಚ್ಚಲಿನ ಹಂಡೆ, ದೇವರ ಮನೆಯ ಪಂಚಪಾತ್ರೆ, ದಾನವಿತ್ತ ಭೂಮಿಯ ಎಲ್ಲೆಯನ್ನು ಕೊರೆಸಿಟ್ಟ ತಾಮ್ರಶಾಸನ ಇವೆಲ್ಲವುಗಳಿಂದ ಕನ್ನಡನಾಡಿಗೆ ಚಿರಪರಿಚಿತವಾದ ಈ ಲೋಹವು ಒಡವೆಯ ಮಾತು ಬಂದ ಕೂಡಲೇ ಹಿಂದಿನ ಸಾಲಿಗೆ ಸರಿಯುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ: ಇಲ್ಲಿ ಒಡವೆಯೆಂದರೆ ಅಲಂಕಾರ ಮಾತ್ರವಲ್ಲ, ಆಪದ್ಧನವೂ ಹೌದು, ಅಡವಿಟ್ಟರೆ ಹಣ ಹುಟ್ಟದ ಲೋಹಕ್ಕೆ ಆ ಸ್ಥಾನ ದೊರೆಯುವುದಿಲ್ಲ. ಚಿನ್ನದ ಒಡವೆಯ ಬೆಲೆಯಲ್ಲಿ ತೂಕದ್ದೇ ದೊಡ್ಡ ಪಾಲು, ಮಜೂರಿಯದು ಸಣ್ಣ ಪಾಲು. ತಾಮ್ರದ ಒಡವೆಯಲ್ಲಿ ಈ ಲೆಕ್ಕ ತಲೆಕೆಳಗಾಗಿ, ಕೊಳ್ಳುವವರು ಕೊಡುವ ಹಣವೆಲ್ಲ ಬಹುಮಟ್ಟಿಗೆ ಕೈಕೆಲಸಕ್ಕೇ ಸಲ್ಲುತ್ತದೆ.

ಹಾಗೆಂದು ಚಿನ್ನದ ಕೆಲಸಕ್ಕೆ ತಾಮ್ರ ಹೊರಗಿನದೇನೂ ಅಲ್ಲ. 22 ಕ್ಯಾರೆಟ್ ಚಿನ್ನವೆಂದರೆ ಸಾವಿರ ಪಾಲಿನಲ್ಲಿ 916 ಪಾಲು ಮಾತ್ರ ಚಿನ್ನವಿದ್ದು, ಉಳಿದ ಪಾಲಿನಲ್ಲಿ ಸಾಮಾನ್ಯವಾಗಿ ಬೆಳ್ಳಿಯೊಡನೆ ತಾಮ್ರವೂ ಸೇರಿರುತ್ತದೆ. ಮೆತ್ತನೆಯ ಚಿನ್ನಕ್ಕೆ ಗಡಸುತನವನ್ನೂ ತುಸು ಕೆಂಬಣ್ಣವನ್ನೂ ಕೊಡುವುದು ಈ ಬೆರಕೆಯೇ. ಅಮೂಲ್ಯ ಲೋಹವನ್ನು ಕೈಗೆ ತೆಗೆದುಕೊಳ್ಳುವ ಮೊದಲು ಕಲಿಯುವವರು ಕೊರೆಯುವ, ಬಡಿಯುವ, ಬೆಸೆಯುವ ಅಭ್ಯಾಸವನ್ನು ತಾಮ್ರದ ತಗಡಿನ ಮೇಲೆಯೇ ಮಾಡುವುದುಂಟು.

ಹಳೆಯ ಮಣಿ, ಹಳೆಯ ದಾರ

ಮನುಷ್ಯನು ಒಡವೆಗೆ ಬಳಸಿದ ಮೊದಲ ಲೋಹಗಳಲ್ಲಿ ತಾಮ್ರವೂ ಒಂದು. ಇಂದಿನ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ, ಬೋಲನ್ ಕಣಿವೆಯ ಸಮೀಪದಲ್ಲಿರುವ ಮೆಹರ್‌ಗಢದ ನವಶಿಲಾಯುಗದ ಸಮಾಧಿಯೊಂದರಲ್ಲಿ ಕ್ರಿ.ಪೂ. ಆರನೆಯ ಸಹಸ್ರಮಾನಕ್ಕೆ ಸೇರಿದ ತಾಮ್ರದ ಮಣಿ ದೊರೆತಿದ್ದು, ಅದರೊಳಗೆ ಹತ್ತಿಯ ಎಳೆಗಳು ಉಳಿದುಕೊಂಡಿದ್ದವು. ಮಣ್ಣಿನಲ್ಲಿ ಕೊಳೆತು ಹೋಗಬೇಕಿದ್ದ ಆ ದಾರವು ತಾಮ್ರದಿಂದ ಹುಟ್ಟಿದ ಲವಣಗಳನ್ನು ಹೀರಿ ಖನಿಜದಂತಾಗಿ ನಿಂತದ್ದರಿಂದ, ಹತ್ತಿಯ ಬಳಕೆಗೆ ಸಂಬಂಧಿಸಿದ ಅತ್ಯಂತ ಪ್ರಾಚೀನ ಸಾಕ್ಷ್ಯಗಳಲ್ಲಿ ಒಂದು ಒಡವೆಯೊಳಗಿನಿಂದ ಹೊರಬಂದಂತಾಯಿತು. ಮೊಹೆಂಜೊದಾರೊದಲ್ಲಿ 1926ರಲ್ಲಿ ದೊರೆತ, ಸುಮಾರು 10.5 ಸೆಂ.ಮೀ. ಎತ್ತರದ ‘ನರ್ತಕಿ’ಯ ಕಂಚಿನ ಮೂರ್ತಿಯಲ್ಲಿ ಎಡಗೈಯನ್ನು ತೋಳಿನವರೆಗೂ ತುಂಬಿರುವ ಬಳೆಗಳು, ಆ ಕಾಲದಲ್ಲಿ ಬಳೆ ತೊಡುವ ರೂಢಿ ಎಷ್ಟು ಬೇರೂರಿತ್ತೆಂಬುದನ್ನು ತೋರಿಸುತ್ತವೆ. ಕಂಚೂ ತಾಮ್ರದಿಂದಲೇ ಆದದ್ದು: ತಾಮ್ರಕ್ಕೆ ತವರ ಬೆರೆತರೆ ಕಂಚು, ಸತು ಬೆರೆತರೆ ಹಿತ್ತಾಳೆ. ಕರ್ನಾಟಕದಲ್ಲಿಯೂ ತಾಮ್ರದ ಅದಿರು ದೊರೆತಿದೆ. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಗಣಿಗಾರಿಕೆ ನಡೆದಿದೆ.

ಬಡಿದರೆ ಗಡಸು, ಕಾಯಿಸಿದರೆ ಮೆದು

ತಾಮ್ರವು ಸರಳ ಸಲಕರಣೆಗಳಿಗೆ ಬಗ್ಗುವುದು ಅದರ ಎರಡು ಗುಣಗಳಿಂದ. ತಣ್ಣಗಿರುವಾಗಲೇ ಅದನ್ನು ಬಡಿದು ಅಗಲಿಸಬಹುದು, ಎಳೆದು ತಂತಿಯಾಗಿಸಬಹುದು. ಆದರೆ ಬಡಿದಂತೆ ಬಗ್ಗಿಸಿದಂತೆ ಲೋಹದೊಳಗಿನ ಹರಳುಗಳ ಜೋಡಣೆ ಅಸ್ತವ್ಯಸ್ತಗೊಂಡು, ಪದರಗಳು ಒಂದರ ಮೇಲೊಂದು ಜಾರಲಾರದೆ ಸಿಕ್ಕಿಕೊಳ್ಳುವುದರಿಂದ ಲೋಹವು ಗಡಸಾಗುತ್ತ ಹೋಗುತ್ತದೆ. ಆ ಮೇಲೂ ಬಡಿತ ಮುಂದುವರಿದರೆ ಅಂಚಿನಲ್ಲಿ ಬಿರುಕು ಕಾಣಿಸುತ್ತದೆ. ಈ ಸ್ಥಿತಿಯ ಮುನ್ಸೂಚನೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ: ಮೆತ್ತನೆಯ ತಾಮ್ರದ ಮೇಲೆ ಬಿದ್ದ ಸುತ್ತಿಗೆಯ ಸದ್ದು ಮಂಕಾಗಿದ್ದು, ಗಡಸಾದ ತಾಮ್ರದ ಮೇಲೆ ಅದೇ ಏಟು ಠಣ್ ಎಂದು ಮೊಳಗುತ್ತದೆ.

ಆಗ ಬೇಕಾಗುವುದು ಬೆಂಕಿ. ತಾಮ್ರ ಕರಗಲು ಸುಮಾರು 1085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಮೆದುವಾಗಲು ಅದರ ಅರ್ಧದಷ್ಟು, ಅಂದರೆ ಮಬ್ಬುಗತ್ತಲಿನಲ್ಲಿ ನಸುಗೆಂಪಾಗಿ ಕಾಣುವಷ್ಟು ಕಾದರೆ ಸಾಕು. ಆ ಶಾಖದಲ್ಲಿ ಹರಳುಗಳು ಹೊಸದಾಗಿ ಹುಟ್ಟಿ ಹೊಂದಿಕೊಳ್ಳುವುದರಿಂದ ಲೋಹ ಮತ್ತೆ ಬಗ್ಗುವ ಹದಕ್ಕೆ ಬರುತ್ತದೆ. ಲೋಹವಿಜ್ಞಾನದಲ್ಲಿ ಅನೀಲಿಂಗ್ ಎಂದು ಕರೆಯುವ ಈ ಕ್ರಿಯೆಯನ್ನು ಕನ್ನಡದಲ್ಲಿ ಹದಗೊಳಿಸುವುದು ಎನ್ನಬಹುದು. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಗಡಸಾಗುತ್ತದೆಂಬುದು ಕಮ್ಮಾರಸಾಲೆಯ ಪಾಠ. ತಾಮ್ರವಾದರೋ ಕಾಯಿಸಿ ಅದ್ದಿದರೂ ಮೆತ್ತಗೇ ಇರುತ್ತದೆ. ಹೀಗೆ ಬಡಿತ ಮತ್ತು ಬೆಂಕಿಗಳನ್ನು ಸರದಿಯಂತೆ ಎಷ್ಟು ಬಾರಿಯಾದರೂ ನಡೆಸಬಹುದಾದ್ದರಿಂದ, ತಪ್ಪಿದ ಕೆಲಸವನ್ನು ಮತ್ತೆ ಕಾಯಿಸಿ ತಿದ್ದುವ ಅವಕಾಶ ಇಲ್ಲಿ ಸದಾ ಇರುತ್ತದೆ.

ಮೇಜಿನ ಮೇಲಿನ ಸಾಮಾನು

ಈ ಕಸುಬಿನ ಸಲಕರಣೆಗಳು ಒಂದು ಸಣ್ಣ ಮೇಜಿನ ಮೇಲೆ ಹಿಡಿಸುವಷ್ಟೇ. ನುಣುಪಾದ ಮೇಲ್ಮೈಯ ಅಡಿಗಲ್ಲು, ಚಪ್ಪಟೆ ಮುಖದ್ದೊಂದು ಉಬ್ಬು ಮುಖದ್ದೊಂದು ಸುತ್ತಿಗೆ, ಲೋಹಕ್ಕೆ ಗಾಯವಾಗದಂತೆ ಬಡಿಯಲು ಮರದ ಕೊಡತಿ, ಬಗ್ಗಿಸಲು ಇಕ್ಕಳ, ಸಣ್ಣದನ್ನು ಹಿಡಿಯಲು ಚಿಮಟ, ಅಂಚು ತಿದ್ದಲು ಅರ, ತಗಡು ಕೊಯ್ಯಲು ಕೂದಲೆಳೆಯಂಥ ಅಲಗಿನ ಗರಗಸ ಇವು ಮುಖ್ಯವಾದವು. ಗರಗಸದ ಹಲ್ಲುಗಳು ಹಿಡಿಯ ಕಡೆಗೆ ಮುಖ ಮಾಡಿರಬೇಕು, ಏಕೆಂದರೆ ಅದು ಕೊಯ್ಯುವುದು ಕೆಳಕ್ಕೆ ಎಳೆಯುವಾಗ. ತಗಡಿನ ದಪ್ಪದೊಳಗೆ ಕನಿಷ್ಠ ಮೂರು ಹಲ್ಲುಗಳಾದರೂ ಕೂರುವಂಥ ಅಲಗನ್ನು ಆರಿಸದಿದ್ದರೆ ಅಲಗು ಸಿಕ್ಕಿಕೊಂಡು ಮುರಿಯುತ್ತದೆ. ತಂತಿಯನ್ನು ಸಪೂರಗೊಳಿಸಲು ಅಕ್ಕಸಾಲಿಗರು ಬಳಸುವ ಸಾಧನ ಕಂಬಚ್ಚು. ಒಂದಕ್ಕಿಂತ ಒಂದು ಕಿರಿದಾದ ತೂತುಗಳ ಸಾಲಿರುವ ಈ ಉಕ್ಕಿನ ಪಟ್ಟಿಯಲ್ಲಿ ತಂತಿಯನ್ನು ತೂತಿನಿಂದ ತೂತಿಗೆ ಎಳೆಯುತ್ತ ಹೋದಂತೆ ಅದು ತೆಳುವೂ ಉದ್ದವೂ ಆಗುತ್ತದೆ. ಹಿಂದೆ ಅಗ್ಗಿಷ್ಟಿಕೆಯ ಕೆಂಡಕ್ಕೆ ಊದುಗೊಳವೆಯಿಂದ ಗಾಳಿ ಕೊಡುತ್ತಿದ್ದ ಕೆಲಸವನ್ನು ಇಂದು ಗ್ಯಾಸಿನ ಟಾರ್ಚ್ ಮಾಡುತ್ತದೆ. ತೆಳು ತಂತಿಯಾದರೆ ಅಡುಗೆಮನೆಯ ಒಲೆಯ ಉರಿಯೇ ಸಾಕಾಗುತ್ತದೆ.

ಕಚ್ಚಾವಸ್ತುವಿಗೂ ದೂರ ಹೋಗಬೇಕಿಲ್ಲ. ತಂತಿ ಮತ್ತು ತಗಡಿನ ದಪ್ಪವನ್ನು ಗೇಜ್ ಎಂಬ ಸಂಖ್ಯೆಯಿಂದ ಹೇಳುವ ರೂಢಿಯಿದ್ದು, ಸಂಖ್ಯೆ ಹೆಚ್ಚಿದಂತೆ ದಪ್ಪ ಕಡಿಮೆಯಾಗುತ್ತದೆ: ಭಾರತದಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ 8 ಗೇಜ್ ಎಂದರೆ ಸುಮಾರು 4 ಮಿ.ಮೀ., 20 ಗೇಜ್ ಎಂದರೆ ಸುಮಾರು 0.9 ಮಿ.ಮೀ. ಮನೆಯ ವೈರಿಂಗ್‌ನಲ್ಲಿ ಮಿಕ್ಕ ತಂತಿಯೂ ಒಳ್ಳೆಯ ತಾಮ್ರವೇ. ಆದರೆ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಚಾಕುವಿನಿಂದ ಸುಲಿಯಬೇಕೇ ಹೊರತು ಸುಡಬಾರದು, ಏಕೆಂದರೆ ಸುಟ್ಟ ಪಿವಿಸಿಯಿಂದ ಹೊಮ್ಮುವ ಆಮ್ಲಯುಕ್ತ ಹೊಗೆ ಶ್ವಾಸಕೋಶಕ್ಕೆ ಕೇಡು.

ಒಂದು ಕಡಗ ರೂಪುಗೊಳ್ಳುವ ಬಗೆ

ಬಾಯಿ ತೆರೆದ ಸಾದಾ ಕಡಗವೊಂದರ ಕೆಲಸವನ್ನು ಹತ್ತಿರದಿಂದ ನೋಡಿದರೆ ಕ್ರಮ ಸ್ಪಷ್ಟವಾಗುತ್ತದೆ. ಮುಚ್ಚಿದ ಬಳೆಯ ಅಳತೆಯನ್ನು ಅಂಗಡಿಯಲ್ಲಿ ‘ಎರಡು ನಾಲ್ಕು’, ‘ಎರಡು ಆರು’ ಎಂದು ಹೇಳುವಲ್ಲಿ ಎರಡನೆಯ ಅಂಕಿ ಅಂಗುಲದ ಹದಿನಾರನೆಯ ಭಾಗವನ್ನು, ಹಳೆಯ ಲೆಕ್ಕದಲ್ಲಿ ಆಣೆಯನ್ನು, ಸೂಚಿಸುತ್ತದೆ. ಅಂದರೆ ‘ಎರಡು ನಾಲ್ಕು’ ಎಂಬುದು ಎರಡೂಕಾಲು ಅಂಗುಲ, ಸುಮಾರು 57 ಮಿ.ಮೀ. ಒಳವ್ಯಾಸ. ಮುಚ್ಚಿದ ಬಳೆ ಮುಷ್ಟಿಯನ್ನು ದಾಟಬೇಕಾದ್ದರಿಂದ ಈ ಅಳತೆ ಬಿಗಿಯಾದದ್ದು. ತೆರೆದ ಕಡಗವು ಮಣಿಕಟ್ಟಿನ ಪಕ್ಕದಿಂದ ಒಳಸೇರುವುದರಿಂದ ಅಷ್ಟು ಕಟ್ಟುನಿಟ್ಟು ಬೇಡ. ಸಾಧಾರಣ ಕೈಗೆ 8 ಗೇಜಿನ ಸುಮಾರು 15 ಸೆಂ.ಮೀ. ತಂತಿ ಸಾಕು.

ಕತ್ತರಿಸಿದ ತಂತಿಯನ್ನು ಮೊದಲು ನಸುಗೆಂಪಾಗುವಂತೆ ಕಾಯಿಸಿ ನೀರಿಗೆ ಅದ್ದಿ ಮೆದುಗೊಳಿಸುತ್ತಾರೆ. ಬಳಿಕ ಅಡಿಗಲ್ಲಿನ ಮೇಲಿಟ್ಟು ಎರಡೂ ತುದಿಗಳನ್ನು ಚಪ್ಪಟೆ ಸುತ್ತಿಗೆಯಿಂದ ಬಡಿದಾಗ ಅವು ಎಲೆಯಾಕಾರಕ್ಕೆ ಅಗಲಗೊಳ್ಳುತ್ತವೆ. ನಡುಭಾಗಕ್ಕೆ ಉಬ್ಬು ಮುಖದ ಸುತ್ತಿಗೆಯಿಂದ ಒತ್ತೊತ್ತಾಗಿ ಏಟು ಹಾಕಿದರೆ, ಪ್ರತಿಯೊಂದು ಏಟೂ ಒಂದು ಸಣ್ಣ ತಗ್ಗನ್ನು ಉಳಿಸಿ, ಬೆಳಕು ಬಿದ್ದಾಗ ಮೈಯೆಲ್ಲ ಮಿನುಗುವ ಮೇಲ್ಮೈ ಸಿದ್ಧವಾಗುತ್ತದೆ. ಈ ಏಟುಗಳ ಬಲವೂ ಅಂತರವೂ ಒಂದೇ ಸಮನಾಗಿರುವುದೇ ಪಳಗಿದ ಕೈಯ ಗುರುತು. ಸುತ್ತಿಗೆಯ ಮುಖದಲ್ಲಿ ಸಣ್ಣ ಗೀರಿದ್ದರೂ ಅದು ಪ್ರತಿ ಏಟಿಗೂ ತಾಮ್ರದ ಮೇಲೆ ಅಚ್ಚಾಗುವುದರಿಂದ ಸುತ್ತಿಗೆಯನ್ನು ಎಮರಿ ಕಾಗದದಿಂದ ಉಜ್ಜಿ ಕನ್ನಡಿಯಂತೆ ಇಟ್ಟುಕೊಳ್ಳುತ್ತಾರೆ. ತುದಿಗಳನ್ನು ಬಟ್ಟೆಗೂ ಚರ್ಮಕ್ಕೂ ತರಚದಂತೆ ಅರದಿಂದ ದುಂಡಗೆ ತಿದ್ದಿ, ಗಡಸಾದ ಕಂಬಿಯನ್ನು ಮತ್ತೊಮ್ಮೆ ಹದಗೊಳಿಸಿ, ಮರದ ದಿಮ್ಮಿಗೆ ಸುತ್ತಿ ಕೊಡತಿಯಿಂದ ಬಡಿಯುತ್ತ ಅಂಡಾಕಾರಕ್ಕೆ ತರುತ್ತಾರೆ, ಏಕೆಂದರೆ ಮಣಿಕಟ್ಟು ದುಂಡಗಿರುವುದಿಲ್ಲ. ಇದಾದ ಮೇಲೆ ಬೆಂಕಿ ತೋರಿಸುವಂತಿಲ್ಲ. ಕೊನೆಯ ಕೊಡತಿಯ ಏಟುಗಳಿಂದ ಬಂದ ಗಡಸುತನವೇ ಕಡಗಕ್ಕೆ ಸ್ಪ್ರಿಂಗಿನ ಗುಣ ಕೊಟ್ಟು ಅದರ ಆಕಾರವನ್ನು ಕಾಯುತ್ತದೆ.

ಹೀಗೆ ಸಿದ್ಧವಾದ ಕಡಗ ಸುಮಾರು 18 ಗ್ರಾಂ ತೂಗುತ್ತದೆ. ಅಷ್ಟೇ ತೂಕದ ಚಿನ್ನವೆಂದರೆ ಎರಡೂಕಾಲು ಪವನು. ತಾಮ್ರದ ಬೆಲೆಯಾದರೋ ಹೋಟೆಲಿನ ಒಂದು ಊಟದ ಬೆಲೆಯನ್ನೂ ಮುಟ್ಟುವುದಿಲ್ಲ.

ಬೆಸುಗೆಯೂ ಹುಳಿಯೂ

ಉಂಗುರದ ತುದಿಗಳನ್ನು ಕೂಡಿಸುವುದಕ್ಕೆ ಅಥವಾ ತಗಡಿನ ಮೇಲೆ ತಂತಿಯ ವಿನ್ಯಾಸವನ್ನು ಕೂರಿಸುವುದಕ್ಕೆ ಬೆಸುಗೆ ಬೇಕು. ತಾಮ್ರಕ್ಕಿಂತ ಬಹಳ ಕಡಿಮೆ ಶಾಖದಲ್ಲಿ ಕರಗುವ ಬೆಳ್ಳಿಯ ಮಿಶ್ರಲೋಹದ ಚೂರನ್ನು ಕೀಲಿನ ಮೇಲಿಟ್ಟು, ಗಾಳಿಯ ಆಮ್ಲಜನಕ ತಾಗದಂತೆ ಬಿಳಿಗಾರವನ್ನು ಲೇಪಿಸಿ, ಇಡೀ ಒಡವೆಯನ್ನು ಸಮನಾಗಿ ಕಾಯಿಸಿದಾಗ ಬೆಸುಗೆ ಕರಗಿ ಶಾಖ ಹೆಚ್ಚಿರುವ ಕಡೆಗೆ ಹರಿಯುತ್ತದೆ. ಬೆಸುಗೆಗೆ ಸಂದು ತುಂಬುವ ಶಕ್ತಿಯಿಲ್ಲ. ಎರಡು ತುದಿಗಳ ನಡುವೆ ಬೆಳಕು ಹಾಯುವಷ್ಟು ಜಾಗವಿದ್ದರೂ ಕೀಲು ಕೂಡುವುದಿಲ್ಲ.

ಬೆಂಕಿಯಿಂದ ಹೊರಬಂದ ತಾಮ್ರದ ಮೈಮೇಲೆ ಕಪ್ಪು, ಕೆಂಪು ಆಕ್ಸೈಡುಗಳ ಪೊರೆ ಕಟ್ಟಿರುತ್ತದೆ. ಅದನ್ನು ಕಳೆಯುವ ಕೆಲಸ ಹುಳಿಯದು: ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪಿನ ಬಿಸಿ ದ್ರಾವಣ, ಪಟಿಕದ ನೀರು ಅಥವಾ ಹಂಡೆ ಚೆಂಬುಗಳನ್ನು ಬೆಳಗುವ ಹುಣಸೆಹುಳಿ-ಉಪ್ಪು ಯಾವುದಾದರೂ ಆದೀತು. 2014ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಪಂಜಾಬಿನ ಜಂಡಿಯಾಲಾ ಗುರುವಿನ ಠಠೇರಾ ಕುಶಲಕರ್ಮಿಗಳು ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಹೊಳಪು ಕೊಡುವುದೂ ಮರಳು ಮತ್ತು ಹುಣಸೆ ರಸದಿಂದಲೇ.

ಬೆಳ್ಳಿಯ ಬೆಸುಗೆ ಕೆಂಪು ತಾಮ್ರದ ನಡುವೆ ಬಿಳಿಯ ಗೆರೆಯಾಗಿ ಎದ್ದು ಕಾಣುವುದು ಈ ಕೆಲಸದ ಒಂದು ತೊಡಕು. ಇದಕ್ಕೆ ಕುಶಲಕರ್ಮಿಗಳು ಕಂಡುಕೊಂಡ ಉಪಾಯ ರಸಾಯನಶಾಸ್ತ್ರದ ಒಂದು ಪ್ರಯೋಗವೇ ಆಗಿದೆ. ಹಲವು ಬಾರಿ ಬಳಸಿದ ಹುಳಿಯ ದ್ರಾವಣದಲ್ಲಿ ತಾಮ್ರ ಕರಗಿ ಸೇರಿರುತ್ತದೆ. ಅದರಲ್ಲಿ ಒಡವೆಯನ್ನು ಮುಳುಗಿಸಿ ಬೆಸುಗೆಯ ಜಾಗಕ್ಕೆ ಒಂದು ಕಬ್ಬಿಣದ ಮೊಳೆಯನ್ನು ತಾಗಿಸಿದರೆ, ಕಬ್ಬಿಣ ಕರಗುತ್ತ ದ್ರಾವಣದಲ್ಲಿದ್ದ ತಾಮ್ರ ಬೆಸುಗೆಯ ಮೇಲೆ ತೆಳುವಾಗಿ ಕೂತು ಬಿಳಿಯ ಗೆರೆ ಮರೆಯಾಗುತ್ತದೆ. ಇದೇ ಕಾರಣಕ್ಕೆ ಬೆಳ್ಳಿಯ ಒಡವೆಯನ್ನು ಹುಳಿಯಿಂದ ಎತ್ತುವಾಗ ಕಬ್ಬಿಣದ ಚಿಮಟ ಬಳಸಬಾರದೆಂಬ ನಿಯಮವೂ ಇದೆ.

ಬಣ್ಣ, ಕಿಲುಬು, ನಂಬಿಕೆ

ತಾಮ್ರದ ಬಣ್ಣ ನಿಲ್ಲುವಂಥದ್ದಲ್ಲ. ಗಾಳಿಯಲ್ಲಿ ಅದು ಕಂದಾಗುತ್ತದೆ, ಬೆವರು ತೇವಗಳಿಂದ ಹಸಿರು ಕಿಲುಬು ಹಿಡಿಯುತ್ತದೆ. ಈ ಗುಣವನ್ನೇ ಅಲಂಕಾರಕ್ಕೆ ಬಳಸುವುದೂ ಉಂಟು: ಬೇಯಿಸಿ ಬಿಸಿಯಿರುವಾಗಲೇ ಹೋಳು ಮಾಡಿದ ಕೋಳಿಮೊಟ್ಟೆಯೊಡನೆ ಒಡವೆಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ, ಮೊಟ್ಟೆಯಿಂದ ಹೊರಡುವ ಗಂಧಕದ ಅನಿಲ ತಗುಲಿ ತಾಮ್ರ ಕಪ್ಪುಗಂದು ಬಣ್ಣಕ್ಕೆ ತಿರುಗುತ್ತದೆ, ಉಬ್ಬಿದ ಭಾಗಗಳನ್ನು ಮಾತ್ರ ಉಜ್ಜಿದಾಗ ತಗ್ಗಿನಲ್ಲಿ ಕಪ್ಪು ಉಳಿದು ವಿನ್ಯಾಸ ಎದ್ದು ಕಾಣುತ್ತದೆ. ಮೇಣದ ತೆಳು ಲೇಪ ಈ ಬಣ್ಣವನ್ನು ಕೆಲಕಾಲ ಕಾಯುತ್ತದೆ. ತೊಟ್ಟ ಜಾಗದಲ್ಲಿ ಚರ್ಮ ಹಸಿರಾಗುವುದು ಬೆವರಿನೊಡನೆ ಸೇರಿ ಹುಟ್ಟಿದ ತಾಮ್ರದ ಲವಣಗಳಿಂದ. ಅದು ಸಾಮಾನ್ಯವಾಗಿ ನಿರಪಾಯಕಾರಿಯಾಗಿದ್ದು, ತೊಳೆದರೆ ಹೋಗುತ್ತದೆ. ಕಿವಿಯೊಳಗೆ ಹಾಯುವ ಕೊಂಡಿಯನ್ನು ಮಾತ್ರ ಬೆಳ್ಳಿಯಲ್ಲಿ ಮಾಡುವುದು ಒಳ್ಳೆಯದು.

ತಾಮ್ರದ ಕಡಗ ಸಂಧಿನೋವನ್ನು ನೀಗುತ್ತದೆಂಬ ನಂಬಿಕೆ ಹಲವು ದೇಶಗಳಲ್ಲಿದೆ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 70 ಮಂದಿ ಸಂಧಿವಾತದ ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತಾಮ್ರದ ಕಡಗದಿಂದ ನೋವಿನಲ್ಲಾಗಲಿ ಬಾವಿನಲ್ಲಾಗಲಿ ಹುಸಿ ಚಿಕಿತ್ಸೆಯನ್ನು ಮೀರಿದ ಗುಣ ಕಂಡುಬರಲಿಲ್ಲ. ಆದ್ದರಿಂದ ತಾಮ್ರದ ಕಡಗವನ್ನು ಔಷಧಿಯೆಂದು ಮಾರುವುದು ಸಲ್ಲದು. ಅದನ್ನು ಒಡವೆಯೆಂದು ತೊಡುವುದಕ್ಕೆ ಅಂಥ ನೆಪವೂ ಬೇಡ.

ಕೊಳ್ಳುವವರು ಗಮನಿಸಬೇಕಾದದ್ದು ಸ್ವಲ್ಪವೇ. ಅಯಸ್ಕಾಂತ ಹಿಡಿದರೆ ಒಳಗಿರುವುದು ತಾಮ್ರದ ಲೇಪದ ಕಬ್ಬಿಣವೆಂದು ತಿಳಿಯಬೇಕು. ಅಂಚು ಕೈಗೆ ತರಚದೆ, ಬೆಸುಗೆ ಉಕ್ಕಿ ನಿಲ್ಲದೆ, ಸುತ್ತಿಗೆಯ ಗುರುತುಗಳು ಸಮನಾಗಿದ್ದರೆ ಕೆಲಸ ಒಳ್ಳೆಯದೆಂದು ನಂಬಬಹುದು. ‘ಬರೀ ತಾಮ್ರ ತಾನೆ’ ಎಂದು ಚೌಕಾಸಿಗೆ ಇಳಿಯುವ ಮೊದಲು, ಅಲ್ಲಿ ಕಡಿತಗೊಳಿಸಲು ಲೋಹದ ಬೆಲೆ ಇಲ್ಲವೇ ಇಲ್ಲವೆಂಬುದನ್ನೂ, ಕಡಿತವಾಗುವುದೆಲ್ಲ ಕೈಯ ಕೂಲಿಯೇ ಎಂಬುದನ್ನೂ ನೆನೆಯುವುದು ನ್ಯಾಯ. ಕಲಿಯಬಯಸುವವರಿಗೆ ಬೇಕಾದದ್ದು ಗೇಣುದ್ದದ ತಂತಿ, ಒಂದು ಸುತ್ತಿಗೆ, ಸ್ವಲ್ಪ ಬೆಂಕಿ. ಮೊದಲ ಕಡಗ ಸೊಟ್ಟಗಾದರೆ ಅದನ್ನೇ ಕಾಯಿಸಿ, ನೆಟ್ಟಗೆ ಮಾಡಿ, ಮತ್ತೆ ಆರಂಭಿಸಬಹುದು.